ಕಟ್ಲೆಟ್, ಬಾಡು ಮತ್ತು ಅಭಿರುಚಿ

ಕನ್ನಡದ ಓದುಗರಿಗೆ ಕಿಕ್ಕೇರಿ ಎಂದರೆ ಕೆ.ಎಸ್. ನರಸಿಂಹಸ್ವಾಮಿಯವರ ಹುಟ್ಟೂರು. ನನಗೆ ಅದು ಮೊದಲ ಸಲ ಮಟನ್ ಕಟ್ಲೆಟ್ ತಿಂದ ಊರೂ ಹೌದು. ಅಲ್ಲಿನ ಒಂದು ಹಳೇ ಬಾರಿಗೆ ನನ್ನ ಸಹೋದ್ಯೋಗಿಯೊಬ್ಬರ ಜೊತೆ ಹೋಗಿದ್ದೆ. ಅವರು ಮನೆಯಲ್ಲಿ ಬಾಡು ಮುಟ್ಟುವವರಲ್ಲ. "ಮೂಳೆಗೀಳೆ ಏನೂ ಇಲ್ವಲ್ಲ ಸಾರ್, ತಿನ್ಬೋದು ಬಿಡಿ" ಎನ್ನುತ್ತಾ ಎರಡು ಮುಗಿಸಿದರು. ಈ ಮಾತನ್ನು ದಲಿತ ವಿಮರ್ಶೆ ಕಿವಿಗೊಟ್ಟು ಕೇಳಬೇಕು ಎಂಬುದು ನನ್ನ ವಾದ.

ಕಟ್ಲೆಟ್ ಮಾಡುವ ಕ್ರಮ ಸರಳ. ಕೈಮವನ್ನು ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಹಾಕಿ ನೀರು ಇಂಗುವ ತನಕ ಬೇಯಿಸಿ, ಬೆಂದ ಆಲೂಗೆಡ್ಡೆಯ ಜೊತೆ ಹಿಸುಕಿ, ವಡೆಯ ಹಾಗೆ ತಟ್ಟಿ, ಕದಡಿದ ಮೊಟ್ಟೆಯಲ್ಲಿ ಅದ್ದಿ, ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸಿ ಎಣ್ಣೆಯಲ್ಲಿ ಕರಿಯುತ್ತಾರೆ. ಇಂಗ್ಲಿಷಿನವರ ಮೂಲಕ ನಮ್ಮಲ್ಲಿಗೆ ಬಂದ ಈ ಹೆಸರಿಗೆ ಫ್ರೆಂಚ್ ಮೂಲದಲ್ಲಿ ಪಕ್ಕೆಲುಬಿನ ತುಂಡು ಎಂದರ್ಥ. ಎಲುಬು ಹೆಸರಿನಲ್ಲಿ ಉಳಿಯಿತು, ತಟ್ಟೆಯಿಂದ ಹೋಯಿತು. ಆಕಾರ, ವಾಸನೆ, ಪ್ರಾಣಿಯ ಗುರುತು ಎಲ್ಲ ಮರೆಯಾದ ಮೇಲೆ ಅದು ಎಲ್ಲರ ತಿಂಡಿ. ನಮ್ಮ ಕೇರಿಯ ಹಗ್ಗದ ಮೇಲೆ ಒಣಗುವ ಕೊರಬಾಡಿಗೆ ಈ ಸವಲತ್ತಿಲ್ಲ. ಅದು ಯಾರದೆಂದು ಊರಿಗೇ ಗೊತ್ತು.

ಇದು ಅಡುಗೆಯ ಮಾತಷ್ಟೇ ಅಲ್ಲ. ನಾಟ್ಯಶಾಸ್ತ್ರದ ಆರನೇ ಅಧ್ಯಾಯ ರಸವನ್ನು ವಿವರಿಸುವುದೇ ಊಟದ ಹೋಲಿಕೆಯಿಂದ. ಬಗೆಬಗೆಯ ವ್ಯಂಜನ ಕೂಡಿದ ಅನ್ನವನ್ನು ಉಣ್ಣುವವನು ಸವಿಯುವಂತೆ ಪ್ರೇಕ್ಷಕ ಭಾವವನ್ನು ಸವಿಯುತ್ತಾನೆ. ರಸ, ಆಸ್ವಾದ, ಅಭಿರುಚಿ ಎಲ್ಲವೂ ನಾಲಗೆಗೆ ಸೇರಿದ ಪದಗಳು. ಆದರೆ ಅದು ಯಾರ ನಾಲಗೆ? 1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಗ್ಗೆ ಆಡಿದ 'ಬೂಸಾ' ಎಂಬ ಮಾತೂ ಮೇವಿನದೇ. ಆ ಒಂದು ಮಾತಿಗೆ ಅವರು ಮಂತ್ರಿ ಪದವಿ ಬಿಡಬೇಕಾಯಿತು. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ನಡೆದ 87ನೇ ಸಾಹಿತ್ಯ ಸಮ್ಮೇಳನದ ನಿಷೇಧದ ಪಟ್ಟಿಯಲ್ಲಿ ಮದ್ಯ, ತಂಬಾಕಿನ ಪಕ್ಕದಲ್ಲಿ ಮಾಂಸಾಹಾರ ಕೂತಿತ್ತು. ಬಾಡೂಟ ಬೇಕೆಂಬ ಕೂಗು ಎದ್ದದ್ದು ಆಗ. ಹಸಿವಿಗಿಂತ ಹೆಚ್ಚಾಗಿ, ಸಾಹಿತ್ಯದ ಪಂಕ್ತಿಯಲ್ಲಿ ಯಾರ ಎಲೆಗೆ ಜಾಗ ಎಂಬ ಪ್ರಶ್ನೆ ಅದು.

ದೇವನೂರರ 'ಒಡಲಾಳ'ದಲ್ಲಿ ಸಾಕವ್ವನ ಮನೆಯವರು ರಾತ್ರಿಯೆಲ್ಲ ಕಡಲೆಕಾಯಿ ತಿನ್ನುವ ಭಾಗವನ್ನು ಬರೀ 'ಬಡತನದ ಚಿತ್ರಣ' ಎಂದು ಓದಿಬಿಟ್ಟರೆ, ಕೂಡಿ ತಿನ್ನುವ ಆ ಸಂಭ್ರಮ ಕೈಬಿಟ್ಟು ಹೋಗುತ್ತದೆ. ಅನುಕಂಪವೂ ಒಂದು ಬಗೆಯ ಬ್ರೆಡ್ ಪುಡಿಯೇ.

ನನ್ನದೇ ಒಂದು ಸಂಗತಿ ಹೇಳಿಬಿಡುತ್ತೇನೆ. ನಾನು ಕಟ್ಲೆಟ್ ತಿನ್ನಲು ಬಾರಿಗೆ ಹೋದದ್ದು ಕುಡಿತದ ಆಸೆಗಲ್ಲ. ಬಾಡಿಗೆ ಮನೆಯವರು ಕೀ ಕೊಡುವಾಗಲೇ "ಮೇಷ್ಟ್ರೇ, ಒಳಗೆ ಬಾಡು ಬೇಯಿಸಂಗಿಲ್ಲ" ಅಂದಿದ್ದರು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ನನಗೆ ಹೋಟೆಲಿನ ಮೇಜು ಕೊಟ್ಟಿದೆ. ಬಾಡಿಗೆ ಮನೆಯ ಒಲೆ ಇನ್ನೂ ನನ್ನದಾಗಿಲ್ಲ. ಅವರ ಮಾತಿನಲ್ಲಿ ಜಾತಿಯ ಹೆಸರೇ ಇಲ್ಲ, ಹಿಡಿಯೋದು ಹೇಗೆ? ಜಾತಿಯೂ ಈಗ ಪುಡಿಯಲ್ಲಿ ಹೊರಳಿಯೇ ಬರುತ್ತದೆ. 'ಶುಚಿ', 'ಸದಭಿರುಚಿ', 'ಸಭ್ಯತೆ' ಎಂಬ ಹೊದಿಕೆ ಬಿಡಿಸಿ ಒಳಗೇನಿದೆ ಎಂದು ತೋರಿಸುವುದು ದಲಿತ ವಿಮರ್ಶೆಯ ಕೆಲಸ.

ಅದನ್ನು ನಮ್ಮಿಂದಲೇ ಶುರುಮಾಡಬೇಕು. ಈ ಲೇಖನದ ಮೊದಲ ಕರಡಿನಲ್ಲಿ ನಾನೂ ಎಲ್ಲ ಕಡೆ 'ಮಾಂಸ' ಎಂದೇ ಬರೆದಿದ್ದೆ. ಆಮೇಲೆ ಹೊಡೆದುಹಾಕಿ 'ಬಾಡು' ಎಂದು ತಿದ್ದಿದೆ.