ನಿಮ್ಮ ಮಗುವಿನ ಶಾಲೆ ಯಾವ ಶೈಕ್ಷಣಿಕ ಜಿಲ್ಲೆಗೆ ಸೇರಿದೆ?



ನಮ್ಮ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ‘ಶೈಕ್ಷಣಿಕ ಜಿಲ್ಲೆ’ ಎಂಬ ಕಲಂ ಇದೆ. ಕಳೆದ ಸಾಲಿನಲ್ಲಿ ತಾಯಿಯೊಬ್ಬರು ಮಗಳ ಅರ್ಜಿಗೆ ಮೊಹರು ಹಾಕಿಸಲು ಕೂಲಿ ಬಿಟ್ಟು ಜಿಲ್ಲಾ ಕೇಂದ್ರಕ್ಕೆ ಹೋದರು. ‘ನಿಮ್ಮ ಶೈಕ್ಷಣಿಕ ಜಿಲ್ಲೆ ಬೇರೆ’ ಎಂದು ತಿಳಿಯಿತು. ಮರುದಿನ ಅಲ್ಲಿಗೆ ಹೋದರೆ, ‘ಇದಕ್ಕೆ ನಿಮ್ಮ ತಾಲ್ಲೂಕಿನ ಬಿಇಒ ಕಚೇರಿಯೇ ಸಾಕು’ ಎಂದರು. ಅಷ್ಟರಲ್ಲಿ ಕೊನೆಯ ದಿನಾಂಕ ಮುಗಿದಿತ್ತು. ತಪ್ಪು ಆ ತಾಯಿಯದಲ್ಲ. ಮೊದಲೇ ತಿಳಿಸದ ನಮ್ಮದು. ಆದ್ದರಿಂದ ಈ ವಿವರಣೆ.

ಕರ್ನಾಟಕದಲ್ಲಿ ಕಂದಾಯ ಜಿಲ್ಲೆಗಳು 31, ಶೈಕ್ಷಣಿಕ ಜಿಲ್ಲೆಗಳು 35. ಆಡಳಿತದ ಅನುಕೂಲಕ್ಕಾಗಿ ಬೆಳಗಾವಿಯಿಂದ ಚಿಕ್ಕೋಡಿ, ತುಮಕೂರಿನಿಂದ ಮಧುಗಿರಿ, ಉತ್ತರ ಕನ್ನಡದಿಂದ ಶಿರಸಿಯನ್ನು ಬೇರೆ ಮಾಡಲಾಗಿದೆ. ಬೆಂಗಳೂರು ನಗರ ಜಿಲ್ಲೆಯು ಉತ್ತರ, ದಕ್ಷಿಣ ಎಂದು ಎರಡಾಗಿದೆ. ಹಾಗಾಗಿ ಅಥಣಿಯವರು ವಿಳಾಸದಲ್ಲಿ ಬೆಳಗಾವಿ ಎಂದೇ ಬರೆದರೂ, ಈ ಕಲಂನಲ್ಲಿ ಚಿಕ್ಕೋಡಿ ಎಂದು ಬರೆಯಬೇಕು.

ವ್ಯವಸ್ಥೆ ಹೀಗಿದೆ. ಅಕ್ಕಪಕ್ಕದ ಕೆಲವು ಶಾಲೆಗಳು ಸೇರಿ ಒಂದು ಕ್ಲಸ್ಟರ್. ಅದನ್ನು ನೋಡಿಕೊಳ್ಳುವವರು ಸಿಆರ್‌ಪಿ. ಕ್ಲಸ್ಟರ್‌ಗಳು ಸೇರಿ ಒಂದು ವಲಯ. ಅದರ ಮುಖ್ಯಸ್ಥರು ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ. ಸಾಮಾನ್ಯವಾಗಿ ತಾಲ್ಲೂಕಿಗೆ ಒಂದು ವಲಯ. ಕೆಲವು ದೊಡ್ಡ ತಾಲ್ಲೂಕುಗಳಲ್ಲಿ ಎರಡೂ ಇವೆ. ವಲಯಗಳ ಮೇಲೆ ಶೈಕ್ಷಣಿಕ ಜಿಲ್ಲೆ. ಅಲ್ಲಿರುವವರು ಉಪನಿರ್ದೇಶಕರು, ಅಂದರೆ ಡಿಡಿಪಿಐ. ಸರ್ಕಾರಿ ಉರ್ದು ಶಾಲೆಗಳೂ ಇದೇ ವ್ಯವಸ್ಥೆಯೊಳಗಿವೆ.

ಎರಡು ವ್ಯತ್ಯಾಸ ನೆನಪಿರಲಿ. ಪಿಯುಸಿ ಓದುವವರಿಗೆ ಬಿಇಒ ಸಂಬಂಧಪಡುವುದಿಲ್ಲ. ಪದವಿಪೂರ್ವ ಶಿಕ್ಷಣಕ್ಕೆ ಜಿಲ್ಲೆಯಲ್ಲಿ ಬೇರೆ ಉಪನಿರ್ದೇಶಕರಿದ್ದಾರೆ. ಮೌಲಾನಾ ಆಜಾದ್ ಮಾದರಿ ಶಾಲೆಗಳನ್ನು ನಡೆಸುವುದು ಅಲ್ಪಸಂಖ್ಯಾತರ ನಿರ್ದೇಶನಾಲಯ.

ಇಷ್ಟೆಲ್ಲ ನೆನಪಿಡಲು ಕಷ್ಟವಾದರೆ ಮುಖ್ಯೋಪಾಧ್ಯಾಯರಿಂದ ಶಾಲೆಯ ಯುಡೈಸ್ ಸಂಖ್ಯೆಯೊಂದನ್ನು ಬರೆಸಿಕೊಳ್ಳಿ. ಅದರಲ್ಲಿ 11 ಅಂಕಿಗಳಿರುತ್ತವೆ. ಮೊದಲ ಎರಡು ರಾಜ್ಯದ್ದು (ಕರ್ನಾಟಕಕ್ಕೆ 29), ನಂತರದ ಎರಡು ಜಿಲ್ಲೆಯದು, ಮತ್ತೆರಡು ವಲಯದ್ದು, ಮುಂದಿನ ಮೂರು ಊರಿನದು, ಕೊನೆಯ ಎರಡು ಶಾಲೆಯದು.

ಈ ಸಾಲಿನಿಂದ ಯುಡೈಸ್ ಸಂಖ್ಯೆ ಸರಿಯಿದ್ದರೆ ಸಾಕು, ಜಿಲ್ಲೆಯ ಹೆಸರನ್ನು ನಾವೇ ತಿದ್ದಿಕೊಳ್ಳುತ್ತೇವೆ. ಶಾಲಾ ಮಕ್ಕಳ ಅರ್ಜಿಗೆ ಬಿಇಒ ಕಚೇರಿಯ ಮೊಹರು ಮಾತ್ರ ಬೇಕು. ಕಳೆದ ಸಾಲಿನಲ್ಲಿ ತಪ್ಪಿಹೋದ ಆ ಹುಡುಗಿಯ ಅರ್ಜಿಯನ್ನು ಈ ಬಾರಿ ಮೊದಲು ಪರಿಶೀಲಿಸುತ್ತೇವೆ.

ದಾನಿಗಳು ಕೊಟ್ಟ ಹಣ ನಮ್ಮಲ್ಲಿರುವ ಅಮಾನತು. ಒಂದು ಕಲಂ ತಪ್ಪಿದ ಕಾರಣಕ್ಕೆ ಅದು ಅರ್ಹ ಮಗುವಿಗೆ ತಲುಪದೆ ಉಳಿಯಬಾರದು.