ಬ್ಯಾಂಕಿನ ಹೆಸರು, ಬೇರೆಯವರ ಮೇಲ್

‘ಕಳುಹಿಸಿದವರ ಜಾಗದಲ್ಲಿ ನನ್ನ ಬ್ಯಾಂಕಿನ ವಿಳಾಸವೇ ಇತ್ತು. ಆದರೂ ಮೇಲ್ ನಕಲಿ ಅಂತಾರಲ್ಲ, ಹೇಗೆ?’ ಓದುಗರೊಬ್ಬರ ಪ್ರಶ್ನೆ. ಉತ್ತರ ಹುಡುಕಲು 1982ಕ್ಕೆ ಹೋಗಬೇಕು. ಜಾನ್ ಪೋಸ್ಟೆಲ್ ಆ ವರ್ಷ ಬರೆದಿಟ್ಟ ಎಸ್‌ಎಂಟಿಪಿ ನಿಯಮಗಳ ಮೇಲೆಯೇ ಇಮೇಲ್ ಇಂದಿಗೂ ಓಡಾಡುತ್ತಿದೆ. ಆಗ ಜಾಲದಲ್ಲಿದ್ದವರು ಹೆಚ್ಚಾಗಿ ವಿಶ್ವವಿದ್ಯಾಲಯ, ಪ್ರಯೋಗಾಲಯಗಳ ಮಂದಿ. ಕಳುಹಿಸಿದವರ ಗುರುತು ಪರೀಕ್ಷಿಸುವ ಏರ್ಪಾಡೇ ಆ ನಿಯಮಗಳಲ್ಲಿ ಇರಲಿಲ್ಲ.

ಇನ್‌ಲ್ಯಾಂಡ್ ಪತ್ರ ನೆನಪಿದೆಯಲ್ಲ? ‘ಇಂದ’ ಎಂಬಲ್ಲಿ ಮೈಸೂರು ಮಹಾರಾಜರ ಹೆಸರು ಗೀಚಿದರೂ ಅಂಚೆಯವರು ಕೇಳುತ್ತಿರಲಿಲ್ಲ. ಅವರಿಗೆ ಬೇಕಾದದ್ದು ಮುಟ್ಟಿಸಬೇಕಾದ ವಿಳಾಸ ಮಾತ್ರ. ಪತ್ರ ನಿಜಕ್ಕೂ ಎಲ್ಲಿಂದ ಹೊರಟಿತೆಂದು ತಿಳಿಯಲು ಅಂಚೆ ಮುದ್ರೆ ನೋಡಬೇಕು. ಆಮೇಲೆ ಬಂದ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ತಪಾಸಣೆಗಳು ಮುದ್ರೆ ನೋಡುವ ಕೆಲಸವನ್ನೇ ಮಾಡುತ್ತವೆ: ಈ ಸರ್ವರ್‌ಗೆ ಬ್ಯಾಂಕಿನ ಒಪ್ಪಿಗೆ ಇದೆಯೇ, ಡಿಜಿಟಲ್ ಸಹಿ ತಾಳೆಯಾಗುತ್ತದೆಯೇ, ಆಗದಿದ್ದರೆ ಮೇಲನ್ನು ಏನು ಮಾಡಬೇಕು.

ವಂಚಕರು ಇದಕ್ಕೂ ದಾರಿ ಕಂಡುಕೊಂಡರು. ಬ್ಯಾಂಕನ್ನು ಹೋಲುವ ಡೊಮೈನ್ ಒಂದನ್ನು ತಾವೇ ಕೊಂಡರೆ ಆಯಿತು, ಮುದ್ರೆಯೂ ಸಹಿಯೂ ಅವರವೇ. ಮೂರೂ ತಪಾಸಣೆಯಲ್ಲಿ ಪಾಸು! ಜಾಲತಾಣದ ಪಕ್ಕದ ಬೀಗದ ಚಿತ್ರ ನಂಬುವವರೂ ಇದ್ದಾರೆ. ಮಾಹಿತಿ ದಾರಿಯಲ್ಲಿ ಸೋರುವುದಿಲ್ಲ ಎಂದಷ್ಟೇ ಅದರರ್ಥ. ಕಳ್ಳರ ತಾಣಕ್ಕೂ ಅದು ಪುಕ್ಕಟೆ ಸಿಗುತ್ತದೆ. ಇನ್ನು ಕಾಗುಣಿತ ತಪ್ಪು ಹುಡುಕಿ ಎಂಬ ಹಳೆಯ ಬುದ್ಧಿಮಾತನ್ನು ಮರೆತುಬಿಡಿ. ಎಐ ಬರೆದುಕೊಡುವ ಕಾಗದದಲ್ಲಿ ಒಂದು ಅಲ್ಪವಿರಾಮವೂ ತಪ್ಪುವುದಿಲ್ಲ.

ಉಳಿದದ್ದು ಡೊಮೈನನ್ನು ಬಲಗಡೆಯಿಂದ ಓದುವುದು. ‘ನಮ್ಮಬ್ಯಾಂಕ್.ಬ್ಯಾಂಕ್.ಇನ್.ಕೆವೈಸಿ-ಅಪ್‌ಡೇಟ್.ಕಾಮ್’ ಎಂದಿದ್ದರೆ ಅದರ ಒಡೆಯ ಯಾವ ಬ್ಯಾಂಕೂ ಅಲ್ಲ, ಕೊನೆಯಲ್ಲಿರುವ ‘ಕೆವೈಸಿ-ಅಪ್‌ಡೇಟ್.ಕಾಮ್’ ಕೊಂಡವನು. ಎಡಗಡೆ ಏನು ಬೇಕಾದರೂ ಅಂಟಿಸಲು ಅವನು ಸ್ವತಂತ್ರ. ಲಿಂಕಿನಲ್ಲಾದರೆ ‘ಎಚ್‌ಟಿಟಿಪಿಎಸ್’ ಭಾಗ ಬಿಟ್ಟು, ಮುಂದೆ ಬರುವ ಮೊದಲ ಓರೆಗೆರೆಯಿಂದ ಹಿಂದಕ್ಕೆ ಓದಬೇಕು.

ಭಾರತದ ಬ್ಯಾಂಕುಗಳಿಗಷ್ಟೇ ಮೀಸಲಾದ ‘ಬ್ಯಾಂಕ್.ಇನ್’ ಡೊಮೈನನ್ನು ರಿಸರ್ವ್ ಬ್ಯಾಂಕ್ 2025ರ ಫೆಬ್ರುವರಿಯಲ್ಲಿ ಪ್ರಕಟಿಸಿ, ಅಕ್ಟೋಬರ್ 31ರೊಳಗೆ ಅದಕ್ಕೆ ಬದಲಾಗಲು ಹೇಳಿತು. ವಂಚನೆಗೆ ಇದೇ ರಾಮಬಾಣ ಎಂಬ ಸಂಭ್ರಮ ನನಗಿಲ್ಲ. ಮೊಬೈಲ್ ಪರದೆ ಎಷ್ಟೋ ಸಲ ಕಳುಹಿಸಿದವರ ಹೆಸರನ್ನು ಮಾತ್ರ ತೋರಿಸುತ್ತದೆ, ಹೆಸರನ್ನು ಒತ್ತಿದರೆ ಮಾತ್ರ ವಿಳಾಸ ಕಾಣುತ್ತದೆ. ಒತ್ತುವವರು ಎಷ್ಟು ಜನ?

ಪಾಸ್‌ವರ್ಡ್ ಕೊಟ್ಟುಬಿಟ್ಟಿದ್ದರೆ ಮೊದಲು ಬ್ಯಾಂಕಿಗೆ, ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಾವೇ ಗುಟ್ಟು ಬಿಟ್ಟುಕೊಟ್ಟಾಗ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದು, ತಿಳಿಸಿದ ಮೇಲಿನದು ಬ್ಯಾಂಕಿನದು ಎಂದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೇಳಿದೆ.