ಡೀಹ್ಯೂಮನೈಸರ್: ನಿಧಾನವೇ ಅದರ ಬಲ

ಬ್ಲ್ಯಾಕ್ ಸಬ್ಬತ್ ಅಂದ ಕೂಡಲೇ ಬಾಯಿಗೆ ಬರುವುದು ಓಜಿ ಆಸ್ಬರ್ನ್ ಹೆಸರು. ಅದು ಸಹಜವೇ. 1968ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದ ಈ ಬ್ಯಾಂಡು ಹೆವಿ ಮೆಟಲ್ಲಿಗೆ ಅಡಿಪಾಯ ಹಾಕಿದ್ದು ಅವರಿದ್ದಾಗಲೇ. ಆದರೆ ಓಜಿ ಹೊರಬಿದ್ದ ಮೇಲೆ ಅಮೆರಿಕದ ರಾನಿ ಜೇಮ್ಸ್ ಡಿಯೊ ಬಂದು ಹಾಡಿದ ‘ಹೆವನ್ ಅಂಡ್ ಹೆಲ್’ (1980), ‘ಮಾಬ್ ರೂಲ್ಸ್’ (1981) ಆಲ್ಬಂಗಳನ್ನು ತಲೆಯ ಮೇಲೆ ಹೊತ್ತು ಮೆರೆಸುವವರೂ ಬೇಕಾದಷ್ಟಿದ್ದಾರೆ. 1982ರಲ್ಲಿ ಲೈವ್ ಆಲ್ಬಂ ಒಂದರ ಮಿಕ್ಸಿಂಗ್ ವಿಚಾರಕ್ಕೆ ಮನಸ್ಸು ಮುರಿದು ಡಿಯೊ ಬ್ಯಾಂಡ್ ಬಿಟ್ಟರು. ಹತ್ತು ವರ್ಷ ಕಳೆದು ‘ಮಾಬ್ ರೂಲ್ಸ್’ನ ಆ ನಾಲ್ವರೇ ಮತ್ತೆ ಕೂಡಿದರು: ಗಿಟಾರಿಗೆ ಟೋನಿ ಅಯೋಮಿ, ಬೇಸ್‌ಗೆ ಗೀಜರ್ ಬಟ್ಲರ್, ಡ್ರಮ್ಸ್‌ಗೆ ವಿನ್ನಿ ಅಪಿಸಿ, ಹಾಡಿಗೆ ಡಿಯೊ. 1992ರ ಜೂನ್‌ನಲ್ಲಿ ಅವರು ಹೊರತಂದದ್ದೇ ‘ಡೀಹ್ಯೂಮನೈಸರ್’.

ಕಾಲ ಕೂಡಿಬರಲಿಲ್ಲ. ಹಿಂದಿನ ವರ್ಷವಷ್ಟೇ ಬಂದಿದ್ದ ನಿರ್ವಾಣ ಬ್ಯಾಂಡಿನ ‘ನೆವರ್‌ಮೈಂಡ್’ ಆಲ್ಬಂ ಎಳೆಯರ ಕಿವಿಯನ್ನೆಲ್ಲ ತನ್ನ ಕಡೆಗೆ ಎಳೆದುಕೊಂಡಿತ್ತು. ಹಳೆಯ ಅಭಿಮಾನಿಗಳಿಗೋ ‘ಹೆವನ್ ಅಂಡ್ ಹೆಲ್’ ಆಲ್ಬಂನ ‘ನಿಯಾನ್ ನೈಟ್ಸ್’ನಂಥ ಓಡುವ, ಹಾರುವ ಹಾಡುಗಳ ನಿರೀಕ್ಷೆ. ಸಿಕ್ಕಿದ್ದು ಒಣ ದನಿಯ, ಭಾರವಾದ, ಸಿಟ್ಟು ಹೊತ್ತ ಹತ್ತು ಹಾಡು. ಅಮೆರಿಕದ ಪಟ್ಟಿಯಲ್ಲಿ 44ನೇ ಸ್ಥಾನ ಮುಟ್ಟಿ ಆಲ್ಬಂ ಹಿಂದೆ ಸರಿಯಿತು. ಈಗ ಅದೇ ಅಭಿಮಾನಿಗಳು ಇದನ್ನು ಮತ್ತೆ ಕೈಗೆತ್ತಿಕೊಂಡು, ಸಬ್ಬತ್ ಮಾಡಿದ ಅತ್ಯಂತ ಭಾರದ ಕೆಲಸಗಳಲ್ಲಿ ಇದೂ ಒಂದು ಅನ್ನುತ್ತಿದ್ದಾರೆ. ನನ್ನ ಮತವೂ ಅದೇ. ಅಂದು ಕೊರತೆಯಾಗಿ ಕೇಳಿಸಿದ ಆ ನಿಧಾನ, ಆ ಒಣತನ, ಬೇಕೆಂದೇ ಕಟ್ಟಿದ ಕಸುಬು. ಅದನ್ನು ಬಿಡಿಸಿ ನೋಡಬೇಕು.

ಮೊದಲು ಅಯೋಮಿಯ ಕೈ. ಹದಿನೇಳರ ಹರೆಯದಲ್ಲಿ, ಕಾರ್ಖಾನೆಯ ಕೆಲಸದ ಕಡೆಯ ದಿನ, ತಗಡು ಒತ್ತುವ ಯಂತ್ರಕ್ಕೆ ಸಿಕ್ಕಿ ಅವರ ಬಲಗೈಯ ಎರಡು ಬೆರಳುಗಳ ತುದಿ ಹೋಯಿತು. ಎಡಗೈಯಲ್ಲಿ ಮೀಟುವವರಾದ್ದರಿಂದ ತಂತಿ ಒತ್ತಬೇಕಾದದ್ದು ಆ ಬಲಗೈಯೇ. ಅವರು ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡರು, ತೆಳು ತಂತಿ ಹಾಕಿದರು, ಮುಂದೆ ಶ್ರುತಿಯನ್ನೂ ಇಳಿಸಿದರು. ಶ್ರುತಿ ಇಳಿದರೆ ತಂತಿಯ ಬಿಗಿ ಸಡಿಲುತ್ತದೆ, ಬೆರಳಿಗೆ ನೋವು ಕಡಿಮೆ. ನಾದವೂ ತಗ್ಗಿ ದಪ್ಪಗಾಗುತ್ತದೆ. ಮೆಟಲ್ ಸಂಗೀತದ ಆ ಗುಡುಗುದನಿ ಬೆಳೆದದ್ದು ಹೀಗೆ, ಒಬ್ಬ ಹುಡುಗನ ಹಟದಿಂದ.

ರಿಫ್ ಎಂದರೆ ಹಾಡು ತಿರುತಿರುಗಿ ಬಂದು ಸೇರುವ ಗಿಟಾರಿನ ಸ್ವರಗುಚ್ಛ, ನಮ್ಮ ಕೃತಿಗಳಲ್ಲಿ ಪಲ್ಲವಿ ಇದ್ದಂತೆ. ವೇಗದ ರಿಫ್‌ನಲ್ಲಿ ಸಣ್ಣಪುಟ್ಟ ತಪ್ಪು ಮುಚ್ಚಿಹೋಗುತ್ತದೆ. ವಿಳಂಬ ಕಾಲದಲ್ಲಿ ಹಾಗಾಗದು. ಸ್ವರ ಎಲ್ಲಿ ಹಿಡಿಯಿತು, ಎಷ್ಟು ಹೊತ್ತು ನಿಂತಿತು, ಎಲ್ಲಿ ಕಡಿಯಿತು ಎಲ್ಲವೂ ಬಯಲಿಗೆ ಬೀಳುತ್ತದೆ. ಎರಡನೆಯ ಹಾಡು ‘ಆಫ್ಟರ್ ಆಲ್’ ಕೇಳಿ. ಅಯೋಮಿ ಒಂದು ಸ್ವರವನ್ನು ಒತ್ತಿ ಹಿಡಿದು, ಅದು ಪೂರ್ತಿ ಊರಿದ ಮೇಲಷ್ಟೇ ಮುಂದಿನದಕ್ಕೆ ಕೈ ಹಾಕುತ್ತಾರೆ. ಬಟ್ಲರ್ ಅದೇ ದಾರಿಯಲ್ಲಿ ಕೆಳಗಿನಿಂದ ಬರುತ್ತಾ, ಗಿಟಾರು ಬಿಟ್ಟ ಸಂದಿಯಲ್ಲಿ ತಮ್ಮದೊಂದು ಸಣ್ಣ ಸಂಚಾರ ಸೇರಿಸಿ ಹಿಂತಿರುಗುತ್ತಾರೆ. ಅಪಿಸಿಯ ಪೆಟ್ಟು ತಾಳಕ್ಕಿಂತ ಕೂದಲೆಳೆಯಷ್ಟು ಹಿಂದೆ ಬಿದ್ದ ಹಾಗಿರುತ್ತದೆ. ಹಾಡಿಗೆ ತೂಕ ಬರುವುದು ಆ ಕೂದಲೆಳೆಯಿಂದಲೇ.

ಈ ಆಲ್ಬಂಗೆ ಮೊದಲು ಡ್ರಮ್ಸ್‌ಗೆ ಕೂತಿದ್ದವರು ಕೋಜಿ ಪವೆಲ್. ಸವಾರಿ ಮಾಡುತ್ತಿದ್ದ ಕುದುರೆ ಮೈಮೇಲೆ ಬಿದ್ದು ಅವರ ಸೊಂಟದ ಮೂಳೆ ಮುರಿಯಿತು. ಹಾಗಾಗಿ ಅಪಿಸಿಗೆ ಕರೆ ಹೋಯಿತು. ಪವೆಲ್ ಬಹು ದೊಡ್ಡ ವಾದಕ, ಆದರೂ ಈ ಹಾಡುಗಳಿಗೆ ಅಪಿಸಿಯ ಕೈಯೇ ಸರಿ ಎಂದು ನನಗನ್ನಿಸುತ್ತದೆ.

ಧ್ವನಿಮುದ್ರಣ ನಡೆದದ್ದು ವೇಲ್ಸ್‌ನ ರಾಕ್‌ಫೀಲ್ಡ್ ಸ್ಟುಡಿಯೋದಲ್ಲಿ. ನಿರ್ಮಾಪಕ, ಕ್ವೀನ್ ಬ್ಯಾಂಡಿನ ಜೊತೆ ಕೆಲಸ ಮಾಡಿದ್ದ ಜರ್ಮನಿಯ ಮ್ಯಾಕ್. 80ರ ದಶಕದ ರಾಕ್ ಆಲ್ಬಂಗಳಲ್ಲಿ ಡ್ರಮ್ಮಿನ ಮೇಲೆ ಸುರಿಯುತ್ತಿದ್ದ ಪ್ರತಿಧ್ವನಿಯನ್ನು ಇಲ್ಲಿ ಒರೆಸಿ ಹಾಕಲಾಗಿದೆ. ಚರ್ಮಕ್ಕೆ ಕೋಲು ಬಿದ್ದದ್ದು, ತಂತಿ ಮೀಟಿದ್ದು ಹತ್ತಿರದಲ್ಲೇ ಕೇಳುತ್ತದೆ. ಅಂದಿನ ಕಿವಿಗೆ ಇದು ಬರಡೆನಿಸಿದ್ದರೆ ಆಶ್ಚರ್ಯವಿಲ್ಲ. ಇಂದು ಕೇಳಿದರೆ ಇದರ ದನಿಗೆ ವಯಸ್ಸಾಗಿಲ್ಲ.

ಈ ಒಣ ನೆಲದ ಮೇಲೆ ಡಿಯೊ ಹಾಡುತ್ತಾರೆ. ಆಗ ಅವರಿಗೆ ಐವತ್ತು ಸಮೀಪಿಸಿತ್ತು. ಗುರುಮುಖೇನ ಹಾಡುಗಾರಿಕೆ ಕಲಿತವರಲ್ಲ; ಬಾಲ್ಯದಲ್ಲಿ ಟ್ರಂಪೆಟ್ ಊದಿ ಪಳಗಿದ ಉಸಿರೇ ಅವರ ಬಂಡವಾಳ. ಅವರ ಹಾಡುಗಳಲ್ಲಿ ಸದಾ ಇರುತ್ತಿದ್ದ ಕಾಮನಬಿಲ್ಲು, ರಾಕ್ಷಸಸರ್ಪಗಳು ಇಲ್ಲಿ ಕಾಣುವುದಿಲ್ಲ. ‘ಟಿವಿ ಕ್ರೈಮ್ಸ್’ ಟಿವಿಯಲ್ಲಿ ದೇವರ ಹೆಸರಿನಲ್ಲಿ ದುಡ್ಡೆತ್ತುವ ಬೋಧಕರ ಮೇಲೆ. ‘ಕಂಪ್ಯೂಟರ್ ಗಾಡ್’ ಯಂತ್ರವನ್ನೇ ದೇವರ ಪೀಠದಲ್ಲಿ ಕೂರಿಸುವ ಮನುಷ್ಯನ ಮೇಲೆ. ಈ ಹಾಡಿನ ಕಟ್ಟಡವೇ ಒಂದು ಪಾಠ: ಭಾರದ ರಿಫ್‌ನಿಂದ ಶುರು, ನಡುವೆ ಎಲ್ಲ ತಣ್ಣಗಾಗಿ ಡಿಯೊ ದನಿ ಮೆತ್ತಗಾಗುತ್ತದೆ, ಕೊನೆಗೆ ಲಯ ಒಮ್ಮೆಗೇ ಓಟಕ್ಕೆ ಬಿದ್ದು ಅಯೋಮಿಯ ಗಿಟಾರು ಅದರ ಬೆನ್ನೇರುತ್ತದೆ. ಅಲ್ಲಿಯವರೆಗಿನ ನಿಧಾನ ಇಲ್ಲದಿದ್ದರೆ ಆ ಓಟಕ್ಕೆ ಅಷ್ಟು ರಭಸ ಬರುತ್ತಿರಲಿಲ್ಲ.

ಕೂಡಿದವರು ಹೆಚ್ಚು ದಿನ ಉಳಿಯಲಿಲ್ಲ. 1992ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಕಾಸ್ಟಾ ಮೇಸಾದಲ್ಲಿ ಓಜಿಯ ವಿದಾಯ ಕಛೇರಿಗಳಿಗೆ ಮುಂಚೆ ಬ್ಲ್ಯಾಕ್ ಸಬ್ಬತ್ ನುಡಿಸಬೇಕಿತ್ತು. ಡಿಯೊ ಒಲ್ಲೆ ಎಂದರು. ಆ ಎರಡು ರಾತ್ರಿ ಹಾಡಿದ್ದು ಜೂಡಸ್ ಪ್ರೀಸ್ಟ್ ಬ್ಯಾಂಡಿನ ರಾಬ್ ಹಾಲ್‌ಫರ್ಡ್. ಆಲ್ಬಂ ಬಂದು ಆರು ತಿಂಗಳೊಳಗೆ ಎಲ್ಲ ಮುಗಿಯಿತು, ಅದರ ಪರವಾಗಿ ಮಾತಾಡಲು ಯಾರೂ ಉಳಿಯಲಿಲ್ಲ.

2007ರಲ್ಲಿ ಈ ನಾಲ್ವರೇ ‘ಹೆವನ್ ಅಂಡ್ ಹೆಲ್’ ಎಂಬ ಹೆಸರಿನಲ್ಲಿ ಮತ್ತೆ ವೇದಿಕೆ ಹತ್ತಿದಾಗ, ನ್ಯೂಯಾರ್ಕಿನ ರೇಡಿಯೋ ಸಿಟಿ ಕಛೇರಿಯಲ್ಲಿ ಮೊದಲು ಹಾಡಿದ್ದು ‘ಆಫ್ಟರ್ ಆಲ್’. ಇದೇ ಆಲ್ಬಂನ ‘ಐ’, ‘ಕಂಪ್ಯೂಟರ್ ಗಾಡ್’ ಕೂಡ ಅಂದಿನ ಪಟ್ಟಿಯಲ್ಲಿದ್ದವು. ಮಾಡಿದವರಿಗೆ ತಮ್ಮ ಕೆಲಸದ ಬೆಲೆ ಗೊತ್ತಿತ್ತು. ಡಿಯೊ 2010ರ ಮೇ 16ರಂದು ಹೊಟ್ಟೆಯ ಕ್ಯಾನ್ಸರ್‌ನಿಂದ ತೀರಿಕೊಂಡರು.

ಹೊಸದಾಗಿ ಕೇಳುವವರಿಗೆ ಒಂದು ಮಾತು. ಫೋನಿನ ಪುಟ್ಟ ಸ್ಪೀಕರಿನಲ್ಲಿ ಬಟ್ಲರ್ ಬೇಸ್ ಕೇಳಿಸುವುದೇ ಇಲ್ಲ. ಒಳ್ಳೆಯ ಹೆಡ್‌ಫೋನ್ ಹಾಕಿಕೊಳ್ಳಿ. ‘ಆಫ್ಟರ್ ಆಲ್’ನಿಂದ ಶುರು ಮಾಡಿ, ಆಮೇಲೆ ‘ಐ’ ಕೇಳಿ, ಅನಂತರ ಮೊದಲಿನಿಂದ ಕೊನೆಯವರೆಗೆ ಹತ್ತನ್ನೂ ಒಟ್ಟಿಗೆ ಕೇಳಿ.